ಬೀದರಿನ ಮದರಸಾದಿಂದ ಕಾಕಾನ ರಿಜಿಸ್ಟರ್‌ವರೆಗೆ

"ಅಣ್ಣಾ, ಅಮೆರಿಕದಾಗ ಲೈಬ್ರರಿ ಹ್ಯಾಂಗ ಬೆಳೀತು ಅಂತ ಬರೀಬೇಕಾಗ್ಯದ. ಪುಸ್ತಕ ಎಲ್ಲಿ ಸಿಗ್ತಾವ?"

ಕಳೆದ ಜುಲೈ ಕೊನೆಯಲ್ಲಿ ಒಂದು ರಾತ್ರಿ ಕಾಕಾನ ಮಗಳು ಫೋನ್ ಮಾಡಿ ಹೀಗೆ ಕೇಳಿದಳು. ಅವಳು ಭಾಲ್ಕಿಯಲ್ಲಿ ಅತ್ತೆ ಮನೆಯಲ್ಲಿದ್ದುಕೊಂಡು ದೂರ ಶಿಕ್ಷಣದಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದಾಳೆ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋನು ನಾನೊಬ್ಬನೇ ಅಂತ ಎಲ್ಲರ ನಂಬಿಕೆ. ಪ್ರಿಂಟರ್ ಕೆಟ್ಟರೂ ನನಗೇ ಫೋನು, ಪಹಣಿ ಡೌನ್‌ಲೋಡ್ ಆಗದಿದ್ದರೂ ನನಗೇ. ಈ ಸಲ ಮಾತ್ರ ಸ್ವಲ್ಪ ಬೇರೆ ಥರದ ಕೆಲಸ. ಅಸೈನ್‌ಮೆಂಟಿನಲ್ಲಿ ಎರಡು ಭಾಗ. ಮೊದಲನೆಯದು ಅಮೆರಿಕದಲ್ಲಿ ಗ್ರಂಥಪಾಲಕ ವೃತ್ತಿ ಬೆಳೆದ ಇತಿಹಾಸ. ಎರಡನೆಯದು ನಿಮ್ಮ ಜಿಲ್ಲೆಯ ಯಾವುದಾದರೂ ಒಂದು ಗ್ರಂಥಾಲಯದ ಇತಿಹಾಸ. ಎರಡಕ್ಕೂ ಆಧಾರ ಕೊಡಬೇಕು. ಆಗಸ್ಟ್ 16 ಕೊನೆಯ ದಿನ.

"ಎರಡನೇದು ನಾ ಮಾಡ್ಕೋತೀನಿ, ಇಲ್ಲೇ ಅದಲ್ಲ. ನೀ ಅಮೆರಿಕದ್ದು ಹುಡುಕಿ ಕೊಡು" ಅಂದಳು.

ಅಮೆರಿಕದ್ದು ಒಂದೇ ಸಂಜೆಯಲ್ಲಿ ಮುಗಿಯಿತು. ನಿಜಕ್ಕೂ ಒಂದೇ ಸಂಜೆ. ಅನ್ನಕ್ಕೆ ಕುಕ್ಕರ್ ಇಟ್ಟು ಕೂತವನು ಮಲಗುವ ಹೊತ್ತಿಗೆ ಅವಳಿಗೆ ಹದಿನಾಲ್ಕು ಫೈಲ್ ಕಳಿಸಿದ್ದೆ. ಕಾರಣ ನನ್ನ ಜಾಣತನವಲ್ಲ. ಆ ಜನ ತಮ್ಮ ಬಗ್ಗೆ ತಾವೇ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದಾರೆ. 1876ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ 103 ಜನ ಸೇರಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಕಟ್ಟಿದರು. ಅವರಲ್ಲಿ 13 ಜನ ಹೆಂಗಸರು. ಈ ಲೆಕ್ಕ ನನಗೆ ಸಿಕ್ಕಿದ್ದೇ ಅವರು ಅವತ್ತು ಹಾಜರಿ ಬರೆದುಕೊಂಡಿದ್ದರಿಂದ. ಅದೇ ವರ್ಷ ಶುರುವಾದ 'ಲೈಬ್ರರಿ ಜರ್ನಲ್' ಪತ್ರಿಕೆಯ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲೂ ಹಾತಿಟ್ರಸ್ಟ್‌ನಲ್ಲೂ ಪುಟಪುಟವಾಗಿ ಓದಲು ಸಿಗುತ್ತವೆ. ಸಂಘದ ಕಾಗದಪತ್ರಗಳನ್ನು ಇಲಿನಾಯ್ ವಿಶ್ವವಿದ್ಯಾಲಯ ಒಂದು ಪ್ರತ್ಯೇಕ ದಾಖಲೆ ಭಂಡಾರವಾಗಿ ಕಾಪಾಡಿಕೊಂಡು ಬಂದಿದೆ.

ಮೆಲ್ವಿಲ್ ಡ್ಯೂಯಿ ಹೆಸರನ್ನು ನೀವೂ ಕೇಳಿರಬಹುದು. ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿರುವ 500, 900 ಅಂತ ಇರೋ ನಂಬರುಗಳಿಗೆ ಮೂಲ ಆತನ ದಶಮಾಂಶ ಪದ್ಧತಿ. 1876ರಲ್ಲಿ ಬಂದ ಅದರ ಮೊದಲ ಆವೃತ್ತಿ ಬರೀ 44 ಪುಟದ ಕಿರುಹೊತ್ತಗೆ. 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಅವನು ಗ್ರಂಥಪಾಲಕರಿಗಾಗಿಯೇ ಶಾಲೆ ತೆರೆದ. ಮೊದಲ ತಂಡದ 20 ವಿದ್ಯಾರ್ಥಿಗಳಲ್ಲಿ 17 ಜನ ಹೆಂಗಸರು, ಅದೂ ಆಡಳಿತ ಮಂಡಳಿಗೆ ಇಷ್ಟವಿಲ್ಲದ ಕಾಲದಲ್ಲಿ. ಇಷ್ಟು ಓದಿ ಭಲೇ ಅಂದುಕೊಂಡೆ. ಮುಂದೆ ಓದಿದರೆ ಅದೇ ಡ್ಯೂಯಿ ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಯಹೂದಿಗಳಿಗೆ ಪ್ರವೇಶ ಇರಲಿಲ್ಲ. ಹೆಂಗಸರ ಜೊತೆ ಅವನ ನಡವಳಿಕೆಯ ಬಗ್ಗೆಯೂ ದೂರುಗಳಿದ್ದವು. ವೇಯ್ನ್ ವೀಗಂಡ್ ಎಂಬ ಇತಿಹಾಸಕಾರ 1996ರಲ್ಲಿ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದ. 2019ರಲ್ಲಿ ಸಂಘ ತನ್ನ ದೊಡ್ಡ ಪದಕದಿಂದ ಡ್ಯೂಯಿ ಹೆಸರನ್ನೇ ತೆಗೆಯಿತು. 1961ರಲ್ಲಿ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ, ಬಿಳಿಯರಿಗೆ ಮಾತ್ರ ಮೀಸಲಿದ್ದ ಸಾರ್ವಜನಿಕ ಲೈಬ್ರರಿಗೆ ಹೋಗಿ ಸುಮ್ಮನೆ ಕೂತು ಓದಿದ್ದಕ್ಕೆ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದೊಯ್ದರು. ಆ ಕಾಲದ ಬೇಧಭಾವಕ್ಕಾಗಿ ಸಂಘ 2018ರಲ್ಲಿ ಕ್ಷಮೆ ಕೇಳಿತು. ತಮ್ಮ ತಪ್ಪಿಗೂ ಅವರ ಹತ್ತಿರ ಫೈಲ್ ಇದೆ ನೋಡಿ. ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಇದೇ.

ಆ ಅಮೆರಿಕ ನಮ್ಮ ದೇಶಕ್ಕೂ ಬಂದಿತ್ತು. ಅಲ್ಲಿಯ ಲೈಬ್ರರಿಗಳನ್ನು ಕಂಡು ಮೆಚ್ಚಿದ್ದ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡ್ 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿಕೊಂಡ. ಬೋರ್ಡನ್ ಇಲ್ಲಿ ಮೂರು ವರ್ಷ ಇದ್ದು ತರಬೇತಿ ತರಗತಿ ಶುರು ಮಾಡಿದ, ಹಳ್ಳಿಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ವ್ಯವಸ್ಥೆ ಕಟ್ಟಿದ. 1915ರಲ್ಲಿ ಆಸಾ ಡಾನ್ ಡಿಕಿನ್ಸನ್ ಎಂಬ ಇನ್ನೊಬ್ಬ ಅಮೆರಿಕನ್, ಡ್ಯೂಯಿಯ ಶಿಷ್ಯ, ಲಾಹೋರಿನಲ್ಲಿ ಲೈಬ್ರರಿ ಪಾಠ ಶುರು ಮಾಡಿದ. ಆಮೇಲೆ ನಮ್ಮ ಎಸ್.ಆರ್. ರಂಗನಾಥನ್ ಬಂದರು. 1931ರಲ್ಲಿ ಐದು ಸೂತ್ರ ಬರೆದರು, ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದರು. ಅವರ ಹುಟ್ಟುಹಬ್ಬ ಆಗಸ್ಟ್ 12 ಈಗ ಗ್ರಂಥಪಾಲಕರ ದಿನ.

ಇದಾಗಿ ವಾರಕ್ಕೆ ಮತ್ತೆ ಫೋನು. ಈ ಸಲ ದನಿ ಸಣ್ಣಗಾಗಿತ್ತು. "ಅಣ್ಣಾ, ನಮ್ಮ ಜಿಲ್ಲೆದು ಏನೂ ಸಿಗವಲ್ದು."

ಬೇಕಾದ್ದಕ್ಕಿಂತ ಜಾಸ್ತಿ ರಜೆ ಉಳಿದಿತ್ತು. ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿದೆ.

ಬೀದರ್ ಸ್ಟೇಷನ್ನಿನಲ್ಲಿ ಇಳಿದರೆ ಆಗಸ್ಟಿನ ಗಾಳಿ ತಣ್ಣಗೆ ಹೊಡೆಯುತ್ತೆ. ಬಿಸಿಲುನಾಡು ಅಂತ ಕಲ್ಯಾಣ ಕರ್ನಾಟಕವನ್ನೆಲ್ಲ ಒಂದೇ ಮಾತಲ್ಲಿ ಮುಗಿಸುವವರು ಮಳೆಗಾಲದಲ್ಲಿ ಒಮ್ಮೆ ಬೀದರಿಗೆ ಬರಬೇಕು. ಕೆಂಪು ಮುರುಮು ನೆಲ, ಅದರ ಮೇಲೆ ಹಸಿರು. ಮನೆಗೆ ಹೋಗಿ ಅವ್ವನ ಕೈಯ ಚಾ ಕುಡಿದು ಮೊದಲು ಹೋದದ್ದು ಹಳೇ ಊರಿನ ಮಹಮೂದ್ ಗವಾನ್ ಮದರಸಾಕ್ಕೆ. ಗ್ರಂಥಾಲಯದ ಇತಿಹಾಸ ಅಂದ ಮೇಲೆ ಬೀದರಿನವನು ಅಲ್ಲಿಂದಲೇ ಶುರು ಮಾಡಬೇಕು.

ಗವಾನ್ ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಈ ಮದರಸಾ ಮುಗಿಯಿತು. ಮೂರು ಅಂತಸ್ತು, ಉದ್ದ 205 ಅಡಿ, ಅಗಲ 180 ಅಡಿ, ಮೈತುಂಬ ನೀಲಿ, ಹಸಿರು, ಹಳದಿ, ಬಿಳಿ ಹೊಳಪಿನ ಹೆಂಚು. ಒಳಗೆ ಮೂರು ಸಾವಿರ ಹೊತ್ತಗೆಗಳ ಲೈಬ್ರರಿ ಇತ್ತು ಎಂಬುದು ಇತಿಹಾಸಕಾರರು ಹೇಳುತ್ತ ಬಂದಿರುವ ಲೆಕ್ಕ. ಎಲ್ಲವೂ ಕೈಬರಹದವು ಅನ್ನೋದನ್ನು ಮರೆಯಬಾರದು. ಆಗದವರು ಗವಾನನ ಹೆಸರಲ್ಲಿ ಒಂದು ಸುಳ್ಳು ಪತ್ರ ಸೃಷ್ಟಿಸಿದರು. ಅದನ್ನು ನಂಬಿದ ಸುಲ್ತಾನ 1481ರಲ್ಲಿ ಅವನ ತಲೆ ಕಡಿಸಿದ. ಪತ್ರ ಬರೆಯುವ ಕಲೆಯ ಮೇಲೆ ಪುಸ್ತಕವನ್ನೇ ಬರೆದಿದ್ದ ಮನುಷ್ಯ ಸತ್ತದ್ದು ಒಂದು ನಕಲಿ ಪತ್ರದಿಂದ.

ಎರಡು ಶತಮಾನದ ಮೇಲೆ, ಔರಂಗಜೇಬನ ಆಳ್ವಿಕೆಯಲ್ಲಿ, 1696ರ ಸುಮಾರಿಗೆ, ಕಟ್ಟಡದಲ್ಲಿಟ್ಟಿದ್ದ ಮದ್ದು ಸಿಡಿದು ಒಂದು ಪಾಲು ಹಾರಿಹೋಯಿತು. ಸಿಡಿಲು ಬಿತ್ತು ಅನ್ನುವವರೂ ಇದ್ದಾರೆ. ಇಂದು ಉಳಿದಿರುವುದು ಒಂದೇ ಮಿನಾರು, ಅದರ ಮೇಲೂ ಅಲ್ಲಲ್ಲಿ ಮಾತ್ರ ಹೆಂಚು.

ಹುಡುಗನಾಗಿದ್ದಾಗ ಇಲ್ಲಿ ಕ್ರಿಕೆಟ್ ಬಾಲ್ ಹುಡುಕಿದ್ದೇನೆಯೇ ಹೊರತು ಲೈಬ್ರರಿ ಹುಡುಕಿರಲಿಲ್ಲ. ಹೊರಗೆ ಕೂತಿದ್ದ ವಯಸ್ಸಾದ ಚಾಚಾ ಒಬ್ಬರನ್ನು "ಪುಸ್ತಕ ಎಲ್ಲಿಡ್ತಿದ್ರಂತ ರೀ?" ಅಂತ ಕೇಳಿದೆ. "ಪುಸ್ತಕ ಕೇಳೋರು ಯಾರೂ ಬರಲ್ಲ ಬೇಟಾ, ಫೋಟೋ ತೆಗ್ಯೋರೇ ಎಲ್ಲಾ" ಅಂತ ನಕ್ಕು, ಮಿನಾರಿನ ಬಲಕ್ಕೆ, ಎಡಕ್ಕೆ, ಎರಡೂ ಕಡೆ ಕೈ ತೋರಿಸಿದರು. ಆ ಮೂರು ಸಾವಿರದಲ್ಲಿ ಇಂಥ ಇಂಥ ಪುಸ್ತಕ ಇತ್ತು ಅಂತ ಹೇಳುವ ಪಟ್ಟಿಯೊಂದು ನಮ್ಮ ಕೈಲಿಲ್ಲ. ಒಂದು ಅಂಕಿ ಮಾತ್ರ ಉಳಿದಿದೆ.

ಈ ಕಟ್ಟಡದ ಬಗ್ಗೆ ನಂಬಿ ಓದಬಹುದಾದ ಪುಸ್ತಕ 1947ರದು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಡೆಸಿದ ಗುಲಾಂ ಯಜ್ದಾನಿ ಬೀದರಿನ ಸ್ಮಾರಕಗಳ ಮೇಲೆ ಬರೆದದ್ದು, ಇಂಗ್ಲಿಷಿನಲ್ಲಿ. ಗೋಡೆ, ಕಮಾನು, ಹೆಂಚು, ಅಳತೆ, ಎಲ್ಲ ಸೊಗಸಾಗಿದೆ. ಆದರೆ ಅಲ್ಲಿ ಪುಸ್ತಕ ಕಾಯುತ್ತಿದ್ದವನು ಯಾರು, ಹುಡುಗರಿಗೆ ಹೇಗೆ ಕೊಡುತ್ತಿದ್ದ, ಕಳೆದರೆ ಏನು ಮಾಡುತ್ತಿದ್ದ, ಅದು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಊರಲ್ಲಿ ಎರಡು ಮೂರು ಕಡೆ ಅಲೆದೆ. ಸಿಕ್ಕವರೆಲ್ಲ ಒಳ್ಳೆಯವರೇ, ಎಲ್ಲರೂ ಇನ್ನೊಬ್ಬರ ಹೆಸರು ಹೇಳಿ ಕಳಿಸಿದರು. ಹಳೇ ಕಾಗದ ಯಾಕೆ ಸಿಗುವುದಿಲ್ಲ ಅನ್ನೋದಕ್ಕೆ ಒಂದು ಕಾರಣ ಮಾತ್ರ ಸ್ಪಷ್ಟವಾಯಿತು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ದೊಡ್ಡ ಲೈಬ್ರರಿ ಅಂದರೆ 1891ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಆಸಫಿಯಾ ಲೈಬ್ರರಿ, ಈಗ ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಡದಲ್ಲಿದೆ. ಸರಕಾರಿ ಕಡತಗಳು ಅಲ್ಲೇ ತಾರ್ನಾಕಾದ ದಾಖಲೆ ಭಂಡಾರದಲ್ಲಿ, ಹೆಚ್ಚಿನವು ಉರ್ದು, ಪಾರ್ಸಿಯಲ್ಲಿ. ಜಿಲ್ಲೆ ಕರ್ನಾಟಕಕ್ಕೆ ಬಂತು, ನೆನಪು ಅಲ್ಲೇ ಉಳಿಯಿತು. ನಮ್ಮ ಮುತ್ತ್ಯಾ ಉರ್ದು ಸರಾಗ ಓದುತ್ತಿದ್ದ. ಅವನು ಇದ್ದಾಗ ನಾವ್ಯಾರೂ ಕಲಿಯಲಿಲ್ಲ.

ಇನ್ನೊಂದು ಸಂಗತಿ ಓದಿ ನನಗೆ ಖುಷಿಯಾಯಿತು. ಹೈದರಾಬಾದ್ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದು 1955ರಲ್ಲಿ. ನಮ್ಮ ರಾಜ್ಯದ ಕಾಯ್ದೆ ಬಂದದ್ದು 1965ರಲ್ಲಿ. ಅಂದರೆ ಕಾಗದದ ಮೇಲಾದರೂ ಬೀದರಿನವರಿಗೆ ಮೈಸೂರಿನವರಿಗಿಂತ ಹತ್ತು ವರ್ಷ ಮೊದಲೇ ಲೈಬ್ರರಿ ಕಾನೂನು ಇತ್ತು! ಹಿಂದುಳಿದವರು ಅಂತ ಕೇಳಿ ಕೇಳಿ ಬೆಳೆದವರಿಗೆ ಇಂಥ ಸಣ್ಣ ಸಂಗತಿಯೂ ಹಬ್ಬವೇ. ಈಗಲೂ ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ನೋಡಿಕೊಳ್ಳಿ. ಊರ ತೆರಿಗೆ ದುಡ್ಡಿನಲ್ಲಿ ಎಲ್ಲರಿಗೂ ಪುಸ್ತಕ ಅನ್ನೋ ಈ ಯೋಚನೆಯನ್ನು ಅಮೆರಿಕದ ಪೀಟರ್‌ಬರೋ ಎಂಬ ಪುಟ್ಟ ಊರಿನವರು 1833ರಲ್ಲೇ ಸಭೆ ಸೇರಿ ಜಾರಿಗೆ ತಂದಿದ್ದರು.

ಮರುದಿನ ಬೆಳಗ್ಗೆ ಮಾಮಾನ ಬೈಕ್ ತಗೊಂಡು ಭಾಲ್ಕಿಗೆ ಹೊರಟೆ. ತಂಗಿಯನ್ನು ಕರೆದುಕೊಂಡು ಕಮಲನಗರದ ಮೇಲೆ ಹಾದು ಔರಾದ ತಾಲ್ಲೂಕಿನ ನಮ್ಮ ಹಳ್ಳಿಗೆ, ಕಾಕಾನ ಮನೆಗೆ ಹೋಗುವುದು ಅಂತ ಮಾತಾಗಿತ್ತು. ದಾರಿಯ ಎರಡೂ ಬದಿ ಸೋಯಾ, ತೊಗರಿ, ಉದ್ದು. ಕೆಂಪು ನೆಲ ಹೋಗಿ ಕರಿ ನೆಲ ಬರುವುದು ಬೈಕಿನ ಟಯರಿಗೇ ಮೊದಲು ಗೊತ್ತಾಗುತ್ತೆ. ಮಳೆ ಬಂದಿದ್ದರಂತೂ ಕೇಳಬೇಡಿ.

ಭಾಲ್ಕಿಯಲ್ಲಿ ಹಿರೇಮಠಕ್ಕೆ ಹೋಗದೆ ಮುಂದೆ ಹೋಗುವ ಹಾಗಿಲ್ಲ ಅಂದಳು ತಂಗಿ. ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು 1890ರಲ್ಲಿ, ಲಿಂಗೈಕ್ಯರಾದದ್ದು 1999ರಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಬಾಳಿದ ಜೀವ. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. ಆಗ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಮಾತನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ಅದೇ ಸಂಸ್ಥಾನದಲ್ಲಿ ತೆಲುಗರು ತಮ್ಮ ಭಾಷೆ ಉಳಿಸಿಕೊಳ್ಳಲು ಹಿಡಿದ ದಾರಿ ಲೈಬ್ರರಿ. 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ತೆರೆದರು, ಅಲ್ಲಿಂದ ಊರೂರಿಗೆ ಹಬ್ಬಿಸಿದರು. ಅದರ ಇತಿಹಾಸ ಅವರು ಬರೆದಿಟ್ಟುಕೊಂಡಿದ್ದಾರೆ.

ಬೋರ್ಡು ಒಂದು, ಒಳಗಿನ ಪಾಠ ಇನ್ನೊಂದು ಅಂದ ಮೇಲೆ ರಿಜಿಸ್ಟರಿನಲ್ಲಿ ಏನು ಬರೆದಿರುತ್ತಾರೆ? ಇದು ತಂಗಿ ಕೇಳಿದ ಪ್ರಶ್ನೆ. ಹೊರಗಿನವರು ನೋಡಬಾರದು ಅಂತಲೇ ನಡೆದ ಕೆಲಸಕ್ಕೆ ಹಾಜರಿ ಪುಸ್ತಕ ಹುಡುಕಿದರೆ ಎಲ್ಲಿ ಸಿಗಬೇಕು? ಆ ಶಾಲೆಗಳಲ್ಲಿ ಕಲಿತವರ ಬಾಯಲ್ಲೇ ಕೇಳಬೇಕು, ಅವರಲ್ಲಿ ಹೆಚ್ಚಿನವರು ಹೋಗಿಬಿಟ್ಟಿದ್ದಾರೆ. ಮುತ್ತ್ಯಾನೂ ಕನ್ನಡ ಅಕ್ಷರ ಕಲಿತದ್ದು ಕದ್ದೇ ಅಂತ ಅಪ್ಪ ಹೇಳುತ್ತಿದ್ದರು. ಎಲ್ಲಿ, ಯಾರ ಹತ್ತಿರ ಅಂತ ಅಪ್ಪನೂ ಕೇಳಲಿಲ್ಲ. ಮಠದ ಅಂಗಳದಲ್ಲಿ ಪ್ರಸಾದ ಮುಗಿಸಿ ಕೈ ತೊಳೆಯುವಾಗ ತಂಗಿ ಅಂದಳು: "ನಾಲ್ಕು ದಿನ ಉಳೀತು ಅಣ್ಣಾ. ಮದರಸಾದ ಮ್ಯಾಲೇ ಬರ್ದು ಬಿಡ್ಲೇನು? ಎಲ್ಲಾರೂ ಅದೇ ಬರೀತಾರ."

"ಮತ್ತ ನಿಮ್ಮಪ್ಪನ ಲೈಬ್ರರಿ?" ಅಂದೆ.

ಅವಳು ನನ್ನ ಮುಖ ನೋಡಿದಳು. "ಅದೇನು ಇತಿಹಾಸ ಅಣ್ಣಾ?"

ಕಾಕಾ 1994ರಿಂದ 2021ರವರೆಗೆ ನಮ್ಮ ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಸಂಬಳ ಅಲ್ಲ, ಗೌರವಧನ. ಶುರುವಿನಲ್ಲಿ ಅದೆಷ್ಟಿತ್ತು ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ಬೆಳಗ್ಗೆ, ಸಂಜೆ ಲೈಬ್ರರಿ, ನಡುವೆ ಹೊಲ. ಕಾಕೂ ಯಾವಾಗಲೂ "ಪುಸ್ತಕಕ್ಕ ಕಾವಲು ಕುಂತ ಹೊಲಕ್ಕ ಹಂದಿ ಬಿಟ್ಟ" ಅಂತ ಬೈಯುತ್ತಿದ್ದಳು.

ಕಮಲನಗರ ದಾಟಿ ಔರಾದದ ಕಡೆ ತಿರುಗಿದರೆ ಭಾಷೆಯೇ ಬದಲಾಗುತ್ತೆ. ಚಹಾ ಅಂಗಡಿಯಲ್ಲಿ ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ದುಡ್ಡು ಕೊಟ್ಟು ಉರ್ದುವಿನಲ್ಲಿ ಬೈಸಿಕೊಳ್ಳಬಹುದು. ಅಮರೇಶ್ವರನ ಔರಾದ ಕಡೆ ಬೆಳೆದವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ, ಬೆಂಗಳೂರಿಗೆ ಹೋದ ಮೇಲೇ ಇದು ವಿಶೇಷ ಅಂತ ಗೊತ್ತಾಗುವುದು.

ಹಳ್ಳಿಯಲ್ಲಿ ಲೈಬ್ರರಿ ಈಗ ಹೊಸ ಕಟ್ಟಡದಲ್ಲಿದೆ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಆಮೇಲೆ 'ಅರಿವು ಕೇಂದ್ರ' ಅಂತ ಹೆಸರಾಯಿತು. ಗೋಡೆ ಮೇಲೆ ಚಿತ್ರ, ಮಕ್ಕಳಿಗೆ ಕಂಪ್ಯೂಟರು, ಕೇರಂ ಬೋರ್ಡು. ನಾವು ಹೋದಾಗ ಹತ್ತು ಹನ್ನೆರಡು ಮಕ್ಕಳು ಚಾಪೆ ಮೇಲೆ ಕೂತಿದ್ದರು, ಪರೀಕ್ಷೆಗೆ ಓದುವ ಹುಡುಗರು ಒಂದು ಮೂಲೆ ಹಿಡಿದಿದ್ದರು. ಹಳೇದೇ ಚೆಂದ ಇತ್ತು ಅಂತ ಸುಳ್ಳು ಹೇಳಲಾರೆ. ನಾನು ಓದಿದ ಕೋಣೆಯಲ್ಲಿ ಒಂದು ಬಲ್ಬು, ಒಂದು ಟೇಬಲ್ಲು, ಮಳೆ ಬಂದರೆ ಸೋರುವ ತಗಡು. ಇದೇ ವಾಸಿ.

"ಹಳೇ ರಿಜಿಸ್ಟರ್ ಎಲ್ಲವ ಕಾಕಾ?" ಅಂದೆ.

ಕಾಕಾ ತುಸು ಹೊತ್ತು ಸುಮ್ಮನಿದ್ದ. "ಶಿಫ್ಟ್ ಮಾಡುವಾಗ ಗೋಣಿಚೀಲದಾಗ ಹಾಕಿ ಶಾಲಿ ಸ್ಟೋರ್ ರೂಮಿನಾಗ ಇಟ್ರು. ಈಗ ಆ ರೂಮು ಬೇಕಾಗ್ಯದಂತ, ರದ್ದಿಗೆ ಹಾಕ್ತಾರಂತ ಕೇಳೀನಿ. ನಾ ಏನ್ ಹೇಳಾದು, ನನ್ನ ಅಧಿಕಾರ ಮುಗೀತು."

ಹೋಗಿ ನೋಡಿದೆವು. ಮುರಿದ ಬೆಂಚು, ಹರಿದ ವಾಲಿಬಾಲ್ ನೆಟ್ಟು, ಅದರಡಿ ಗೋಣಿಚೀಲ. ಒಂಬತ್ತು ರಿಜಿಸ್ಟರ್. ಎರಡು ಅಕ್ಸೆಷನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರು ಕೊಟ್ಟು ಬರೆಯುವ ಪುಸ್ತಕ. ಇನ್ನುಳಿದ ಏಳು ಇಶ್ಯೂ ರಿಜಿಸ್ಟರ್, ಯಾರು ಯಾವಾಗ ಒಯ್ದರು, ಯಾವಾಗ ತಂದರು ಅನ್ನೋದು. ಒಂದರ ಅಂಚನ್ನು ಗೆದ್ದಲು ತಿಂದಿತ್ತು. ಮಿಕ್ಕವು ಗಟ್ಟಿ. ಕಾಕಾನ ಕನ್ನಡ ಅಕ್ಷರ ಮೋಡಿಯಿಲ್ಲದ, ಗುಂಡಗಿನ ಶಾಲಾ ಅಕ್ಷರ. ಗ್ರಂಥಾಲಯ ವಿಜ್ಞಾನ ಓದುವ ಮಗಳು ತನ್ನ ಅಪ್ಪನ ರಿಜಿಸ್ಟರ್ ತೆಗೆದು ನೋಡಿದ್ದು ಅದೇ ಮೊದಲು.

ಎರಡು ದಿನ ಕಾಕಾನ ಪಡಸಾಲೆಯಲ್ಲಿ ಕೂತು ಪುಟಪುಟ ಫೋಟೋ ತೆಗೆದೆವು. ನನ್ನ ಕೆಲಸದಲ್ಲಿ ಸರ್ವರ್ ಕೆಟ್ಟರೆ ನಾವು ಮೊದಲು ನೋಡುವುದು ಲಾಗ್ ಫೈಲು, ಯಾವ ಹೊತ್ತಿಗೆ ಏನಾಯಿತು ಅಂತ ಯಂತ್ರ ತಾನೇ ಬರೆದುಕೊಂಡಿರುತ್ತೆ. ಇಪ್ಪತ್ತೇಳು ವರ್ಷದ ಲಾಗ್ ಫೈಲನ್ನು ಒಬ್ಬ ಮನುಷ್ಯ ಕೈಯಲ್ಲಿ ಬರೆದದ್ದನ್ನು ನಾನು ನೋಡಿರಲಿಲ್ಲ. ಕೊನೆಯ ನಂಬರು 3,212. "ಗವಾನ್‌ಗಿಂತ ಇನ್ನೂರು ಜಾಸ್ತಿ ಆಯ್ತಲ್ಲಪ್ಪಾ" ಅಂತ ತಂಗಿ ನಕ್ಕಳು, ಕಾಕಾನಿಗೆ ಅರ್ಥವಾಗಲಿಲ್ಲ. ಅವಳು ಮದರಸಾದ ಲೆಕ್ಕ ಹೇಳಿದ ಮೇಲೆ "ಅವ್ರದ್ದು ಕೈಬರಹ, ನಮ್ದು ಪ್ರಿಂಟು. ಹೋಲ್ಸಬ್ಯಾಡ" ಅಂದ.

ನೂರಾರು ಪುಸ್ತಕಗಳ ಎದುರಿಗೆ 'ರಾ.ರಾ.' ಅಂತಿತ್ತು. ಕೋಲ್ಕತಾದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಕೊಡುಗೆ ಅಂತ ಕಾಕಾ ಬಿಡಿಸಿ ಹೇಳಿದ. 1972ರಿಂದ ದೇಶದ ಲೈಬ್ರರಿಗಳಿಗೆ ಪುಸ್ತಕದ ನೆರವು ಕೊಡುವ ಸಂಸ್ಥೆ ಅದು. 'ಮ' ಅಂತ ಬರೆದದ್ದು ಮರಾಠಿ ಪುಸ್ತಕಕ್ಕೆ ಅವನೇ ಮಾಡಿಕೊಂಡ ಗುರುತು. ಡ್ಯೂಯಿಯ ನಂಬರೂ ಅಲ್ಲ, ರಂಗನಾಥನ್‌ರದೂ ಅಲ್ಲ, ಕಾಕಾನದೇ ಪದ್ಧತಿ. ತಂಗಿ ಅದನ್ನು ಕೂತು ಬಿಡಿಸಿ ಒಂದು ಪಟ್ಟಿ ಮಾಡಿಕೊಂಡಳು. ಒಂದು ಮಳೆಗಾಲದಲ್ಲಿ ಸಾಲಾಗಿ 41 ಪುಸ್ತಕದ ಎದುರು 'ನೀರು' ಅಂತ ಒಂದೇ ಪದ. ಹಿಟ್ಟಿನ ಗಿರಣಿಯವನು ವರ್ಷಾನುಗಟ್ಟಲೆ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಒಯ್ದಿಲ್ಲ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಇರುವ ನಮೂದುಗಳೂ ಇದ್ದವು. ಓದಲು ಬಾರದವರು ಪುಸ್ತಕ ಯಾಕೆ ಒಯ್ದರು? "ಮೊಮ್ಮಕ್ಕಳಿಗಿ" ಅಂದ ಕಾಕಾ. 2020ರ ಏಪ್ರಿಲ್, ಮೇ ಖಾಲಿ. ಜೂನಿನಿಂದ ಷರಾ ಕಾಲಮ್ಮಿನಲ್ಲಿ 'ಮನೆಗೆ ಕೊಟ್ಟಿದ್ದು' ಅಂತ ಶುರುವಾಗುತ್ತೆ. ಸೈಕಲ್ ಮೇಲೆ ಒಯ್ದು ಕೊಡುತ್ತಿದ್ದನಂತೆ. ಬೋರ್ಡನ್ ಬರೋಡಾದಲ್ಲಿ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸಿದ್ದರ ಬಗ್ಗೆ ನೂರು ವರ್ಷದಿಂದ ಬರೆಯುತ್ತಲೇ ಇದ್ದಾರೆ.

2008ರ ರಿಜಿಸ್ಟರ್ ತಿರುವುವಾಗ ನನ್ನ ಹೆಸರು ಸಿಕ್ಕಿತು. ಮಾರ್ಚ್ 11. ಆಗ ನಾನು ಏಳನೇ ಇಯತ್ತೆ. ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿದ್ದ ಒಂದು ತೆಳ್ಳನೆ ಪುಸ್ತಕ, ನಮ್ಮೂರಲ್ಲಿ ಆಗ ಕಂಪ್ಯೂಟರ್ ನೋಡಿದವರು ಎಷ್ಟು ಜನವೋ. ಎಂಟನೇ ಇಯತ್ತೆಗೆ ಬೀದರಿಗೆ ಹೋದಾಗ ಸಾಮಾನಿನ ಜೊತೆ ಹೋಯಿತು, ಆಮೇಲೆ ಎಲ್ಲಿ ಕಳೆಯಿತೋ ಗೊತ್ತಿಲ್ಲ. ಮರಳಿಸಿದ ತಾರೀಖು ಖಾಲಿ. ಷರಾದಲ್ಲಿ ಕಾಕಾನ ಗುಂಡಗಿನ ಅಕ್ಷರ: 'ಕಳೆದಿದೆ. ಬೆಲೆ ರೂ. 35 ಸಂದಾಯ.' ಕೆಳಗೆ ಅವನದೇ ಸಣ್ಣ ಸಹಿ.

ನಾನು ದುಡ್ಡು ಕೊಟ್ಟಿರಲಿಲ್ಲ. ಅಪ್ಪನೂ ಕೊಟ್ಟಿಲ್ಲ, ಅವರಿಗೆ ವಿಷಯವೇ ಗೊತ್ತಿಲ್ಲ.

"ಕಾಕಾ, ಇದು ನೀ ಕಟ್ಟಿದ್ದಿ ಏನು?"

ಕಾಕಾ ಕನ್ನಡಕ ಸರಿ ಮಾಡಿಕೊಂಡು ಓದಿದ. "ಆಡಿಟ್ ಬರ್ತಿತ್ತಪ್ಪ. ಲೆಕ್ಕ ಹೊಂದಬೇಕಲ್ಲ."

"ಹೇಳಬಾರದೇನು? ಹದಿನೇಳು ವರ್ಷ ಆಯ್ತು."

"ಹೇಳಿದ್ರ ನಿಮ್ಮಪ್ಪ ನಿನಗ ಹೊಡೀತಿದ್ದ. ಆಮ್ಯಾಲ ನೀ ಲೈಬ್ರರಿಗಿ ಬರ್ತಿದ್ದಿಲ್ಲ." ಪುಟ ತಿರುವಿ ಕೇಳಿದ: "ಓದಿದ್ಯೋ ಇಲ್ಲೋ ಅದು?"

"ಓದೀನಿ."

"ಮತ್ತ ಮುಗೀತಲ್ಲ."

ಆ ಎರಡು ದಿನದಲ್ಲಿ ಅವನು ಮಾತಾಡಿದ್ದಕ್ಕಿಂತ ತಂಗಿ ಕೇಳಿದ್ದೇ ಹೆಚ್ಚು. ಮೊದಲು ಒಂದೆರಡು ಮಾತಲ್ಲಿ ಮುಗಿಸುತ್ತಿದ್ದ. ಯಾವ ಪುಸ್ತಕಕ್ಕೆ ಜಗಳ ಆಯಿತು, ಹೆಣ್ಣುಮಕ್ಕಳು ಒಳಗೆ ಬರಲು ಎಷ್ಟು ವರ್ಷ ಬೇಕಾಯಿತು, ಮರಾಠಿ ಪೇಪರ್ ತರಿಸಬೇಕೋ ಬ್ಯಾಡವೋ ಅಂತ ಪಂಚಾಯಿತಿಯಲ್ಲಿ ಏನೇನು ಮಾತು ನಡೆಯಿತು ಅಂತ ಅವಳು ಕೆದಕಿದ ಹಾಗೆ ರಾತ್ರಿ ಹನ್ನೊಂದರವರೆಗೂ ಹೇಳುತ್ತಾ ಹೋದ. ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಕಾಕೂ ಒಳಗಿನಿಂದ ನಡುನಡುವೆ ತಿದ್ದುತ್ತಿದ್ದಳು. ತಾರೀಖು ಎಲ್ಲ ಅವಳದೇ ಸರಿ ಇದ್ದವು.

ಅಸೈನ್‌ಮೆಂಟು ಹದಿನಾರಕ್ಕೆ ಹೋಯಿತು. ಅಮೆರಿಕದ ಭಾಗ ಎಂಟು ಪುಟ, ಔರಾದ ತಾಲ್ಲೂಕಿನ ಹಳ್ಳಿಯ ಭಾಗ ಇಪ್ಪತ್ತೆರಡು. ಆಧಾರಗಳ ಪಟ್ಟಿಯಲ್ಲಿ ಅಪ್ಪನ ಹೆಸರು ಬರೆಯಬಹುದಾ ಅಂತ ಕೇಳಿದಳು. ಅಮೆರಿಕದವರು ಹಳೇ ಗ್ರಂಥಪಾಲಕರ ಸಂದರ್ಶನ ಮಾಡಿ ಇಟ್ಟಿರುವುದನ್ನು ಅವಳಿಗೆ ನಾನೇ ಕಳಿಸಿದ್ದೆ. ಬರೆ ಅಂದೆ.

ರಿಜಿಸ್ಟರುಗಳು ಈಗ ಕಾಕಾನ ಮನೆಯ ಕಬ್ಬಿಣದ ಕಪಾಟಿನಲ್ಲಿವೆ, ನಡುವೆ ಬೇವಿನ ಎಲೆ. ರದ್ದಿಗೆ ಹೋಗುವ ಕಾಗದ ತಾನೇ, ಎತ್ತಿಕೊಂಡು ಬಂದರಾಯಿತು ಅಂದಿದ್ದೆ ನಾನು. ಕಾಕಾ ಒಪ್ಪಲಿಲ್ಲ. ಹೊಸ ಮೇಲ್ವಿಚಾರಕಿಯ ಹತ್ತಿರ ಹೋಗಿ, ಅವರ ರಿಜಿಸ್ಟರ್ ತೆರೆಸಿ, 'ಹಳೆಯ ವಹಿಗಳು 9, ಕಾಯ್ದಿಡಲು ಪಡೆದಿದ್ದೇನೆ, ಕೇಳಿದಾಗ ಹಿಂದಿರುಗಿಸುವೆ' ಅಂತ ತಾನೇ ಬರೆದು, ಸಹಿ ಮಾಡಿ, ತಾರೀಖು ಹಾಕಿ, ಆಮೇಲೆಯೇ ಗೋಣಿಚೀಲ ನನ್ನ ಬೈಕಿನ ಮೇಲಿಡಲು ಬಿಟ್ಟ.